ಕಲಬುರಗಿ ಕಡೆ ಎಲೆಕ್ಟ್ರಿಕ್ ಎಸ್‌ಯುವಿ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ರಸ್ತೆಗಳಲ್ಲಿ ಹಸಿರು ನಂಬರ್ ಪ್ಲೇಟಿನ ಎಸ್‌ಯುವಿಗಳು ಈಗ ಕಾಣುತ್ತವೆ. ಅದರ ಜೊತೆ ಪ್ರಶ್ನೆಗಳೂ ಹೆಚ್ಚಾಗಿವೆ. ಷೋರೂಮಿನಲ್ಲಿ ಸಿಗುವ ಉತ್ತರ ಬಹುತೇಕ ಬೆಂಗಳೂರು, ಮುಂಬೈ ಲೆಕ್ಕದ್ದು. ನಮ್ಮ ಬಿಸಿಲು, ನಮ್ಮ ಕರೆಂಟು, ನಮ್ಮ ದಾರಿಗಳ ಲೆಕ್ಕ ಬೇರೆ. ಇಲ್ಲಿ ಓಡಿಸುವವನಾಗಿ, ನೆಂಟರೂ ಗೆಳೆಯರೂ ನನ್ನನ್ನು ಕೇಳುವ ಪ್ರಶ್ನೆಗಳಿಗೆ ಕೊಡುವ ಉತ್ತರಗಳನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಏನು ನೋಡಬೇಕು? ಕಂಪನಿನಾ, ಮಾಡೆಲ್ಲಾ, ಬ್ಯಾಟರೀನಾ?

ಮೊದಲು ನಿಮ್ಮ ಮನೆ ನೋಡಿ. ಗಾಡಿ ರಾತ್ರಿ ನಿಲ್ಲುವ ಜಾಗಕ್ಕೆ ಕರೆಂಟ್ ಎಳೆಯಲು ಆಗುತ್ತಾ? ಆಗುತ್ತೆ ಅಂದರೆ ಮುಂದಿನ ಮಾತು. ಆಗಲ್ಲ, ಗಾಡಿ ಬೀದಿಯಲ್ಲೇ ನಿಲ್ಲಬೇಕು, ಎರಡನೇ ಮಹಡಿಯಿಂದ ವೈರ್ ಇಳಿಬಿಡಬೇಕು ಅನ್ನುವುದಾದರೆ ಸದ್ಯಕ್ಕೆ ಕೊಳ್ಳಬೇಡಿ ಅಂತಲೇ ನಾನು ಹೇಳುತ್ತೇನೆ. ಪೂರ್ತಿ ಹೊರಗಿನ ಚಾರ್ಜರ್ ನಂಬಿಕೊಂಡು ಇವಿ (ಎಲೆಕ್ಟ್ರಿಕ್ ಗಾಡಿ) ಇಟ್ಟುಕೊಂಡರೆ ಹಣವೂ ಉಳಿಯಲ್ಲ, ನೆಮ್ಮದಿಯೂ ಇರಲ್ಲ. ಮನೆಯಲ್ಲಿ ಚಾರ್ಜಿಂಗ್ ಇದ್ದರೆ ನಮ್ಮಂಥ ಊರಿಗೆ ಇದಕ್ಕಿಂತ ಒಳ್ಳೆ ಗಾಡಿ ಇಲ್ಲ. ದಿನವೂ ಬೆಳಿಗ್ಗೆ ತುಂಬಿದ ಗಾಡಿ ಸಿಗುತ್ತದೆ, ಬಂಕ್ ಕಡೆ ಹೋಗುವ ಕೆಲಸವೇ ಇಲ್ಲ.

ಬಾಡಿಗೆ ಮನೆಯಲ್ಲಿದ್ದರೆ ಗಾಡಿಗೆ ಮುಂಗಡ ಕಟ್ಟುವ ಮೊದಲೇ ಮನೆ ಮಾಲೀಕರ ಹತ್ತಿರ ಮಾತಾಡಿ. ಚಾರ್ಜಿಂಗ್ ಲೈನಿಗೆ ಒಂದು ಸಬ್ ಮೀಟರ್ ಹಾಕಿಸಿ, ಎಷ್ಟು ಯೂನಿಟ್ ಓಡಿತೋ ಅಷ್ಟು ಕೊಡುತ್ತೇವೆ ಅಂದರೆ ಹೆಚ್ಚಿನವರು ಒಪ್ಪುತ್ತಾರೆ.

ಮನೆಯ ಸಾದಾ ಪ್ಲಗ್ಗಿಗೆ ಹಾಕಿದರೆ ನಡೆಯುತ್ತಾ?

ಗೀಸರ್, ಎಸಿಗೆ ಹಾಕುವ ದೊಡ್ಡ ಮೂರು ಪಿನ್ನಿನ 16 ಆಂಪ್ ಪ್ಲಗ್ ಸಾಕು. ಆದರೆ ಈಗಿರುವ ಪ್ಲಗ್ಗಿಗೇ ಸುಮ್ನೆ ಸಿಕ್ಕಿಸಬೇಡಿ. ಗೀಸರ್ ಅರ್ಧ ತಾಸು ಓಡಿ ನಿಲ್ಲುತ್ತದೆ. ಗಾಡಿ ರಾತ್ರಿಯಿಡೀ ಪೂರ್ತಿ ಲೋಡ್ ಎಳೆಯುತ್ತದೆ. ಹಳೇ ವೈರ್, ಸಡಿಲ ಪ್ಲಗ್ ಇದ್ದರೆ ಕಾಯ್ದು ಕರಗುತ್ತದೆ.

ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ ಲೈನ್ ಎಳೆಸಿ. 4 ಚದರ ಮಿಲಿಮೀಟರ್ ತಾಮ್ರದ ವೈರ್ ಇರಲಿ. ಅದಕ್ಕೆ ಅದರದ್ದೇ ಎಂಸಿಬಿ (ಲೋಡ್ ಮೀರಿದರೆ ಲೈನ್ ಕಡಿಯುವ ಸ್ವಿಚ್), ಜೊತೆಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಯಾವತ್ತೂ ಬೇಡ.

ವೇಗದ ಲೆಕ್ಕ ಹೀಗಿದೆ. ಬ್ಯಾಟರಿಯ ಒಂದು ಕಿಲೋವಾಟ್ ಅವರ್ ಅಂದರೆ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್. ಈ ಪ್ಲಗ್ಗಿನಿಂದ ತಾಸಿಗೆ ಸುಮಾರು 2.5ರಿಂದ 3 ಯೂನಿಟ್ ಗಾಡಿಗೆ ಇಳಿಯುತ್ತದೆ. ರಾತ್ರಿ 9ಕ್ಕೆ ಹಾಕಿ ಬೆಳಿಗ್ಗೆ 6ಕ್ಕೆ ತೆಗೆದರೆ 25 ಯೂನಿಟ್ ಆಸುಪಾಸು, ಅಂದರೆ 150 ಕಿಲೋಮೀಟರ್ ಓಡಾಟ. ಕಲಬುರಗಿ ಊರೊಳಗೆ ಒಂದು ದಿನಕ್ಕೆ ಅಷ್ಟು ಯಾರು ಓಡಿಸುತ್ತಾರೆ? ಸೂಪರ್ ಮಾರ್ಕೆಟ್, ಕೋರ್ಟು, ಆಸ್ಪತ್ರೆ, ಮಕ್ಕಳ ಶಾಲೆ ಎಲ್ಲಾ ಸುತ್ತಿದರೂ ಐವತ್ತು ದಾಟುವುದು ಕಷ್ಟ.

ಅರ್ಥಿಂಗ್ ಅರ್ಥಿಂಗ್ ಅಂತ ಎಲ್ಲರೂ ಹೇಳ್ತಾರಲ್ಲ, ಅಷ್ಟು ಮುಖ್ಯಾನಾ?

ತುಂಬಾ ಮುಖ್ಯ. ಚಾರ್ಜರ್ ಮೊದಲು ಅರ್ಥಿಂಗ್ ಪರೀಕ್ಷೆ ಮಾಡುತ್ತದೆ. ಸರಿ ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಚಾರ್ಜ್ ಮಾಡುವುದನ್ನೇ ನಿಲ್ಲಿಸುತ್ತದೆ. ಚಾರ್ಜರ್ ಕೆಟ್ಟಿದೆ ಅಂತ ಜನ ಷೋರೂಮಿಗೆ ಓಡುತ್ತಾರೆ. ತಪ್ಪು ಎಷ್ಟೋ ಸಲ ಮನೆಯ ಅರ್ಥಿಂಗಿನಲ್ಲೇ ಇರುತ್ತದೆ.

ನಮ್ಮ ಕಡೆ ಇದಕ್ಕೆ ಕಾರಣವೂ ಇದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದುಕೊಂಡಿರುತ್ತದೆ, ಆಗ ಅರ್ಥಿಂಗ್ ಚೆನ್ನಾಗಿರುತ್ತದೆ. ಏಪ್ರಿಲ್, ಮೇನಲ್ಲಿ ಅದೇ ಮಣ್ಣು ಒಣಗಿ ಬಿರುಕು ಬಿಡುತ್ತದೆ. ಆಗ ಅರ್ಥಿಂಗ್ ರಾಡಿಗೂ ಮಣ್ಣಿಗೂ ಸರಿಯಾದ ಸಂಪರ್ಕ ಇರಲ್ಲ. ಶಹಾಬಾದ್, ಸೇಡಂ ಕಡೆ ಸ್ವಲ್ಪ ಅಗೆದರೇ ಕಲ್ಲು ಸಿಗುವ ಜಾಗಗಳಿವೆ, ಅಲ್ಲಿ ಇನ್ನೂ ಕಷ್ಟ. ಗಾಡಿ ಬರುವ ಮೊದಲೇ ಚಾರ್ಜರಿಗೆಂದೇ ಹೊಸ ಅರ್ಥಿಂಗ್ ಗುಂಡಿ ತೋಡಿಸಿ. ಬೇಸಿಗೆಯಲ್ಲಿ ಅದಕ್ಕೆ ವಾರಕ್ಕೊಮ್ಮೆ ನೀರು ಹಾಕಿ. ಎಲೆಕ್ಟ್ರಿಷಿಯನ್ ಹತ್ತಿರ ನ್ಯೂಟ್ರಲ್–ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಅದು ಎರಡು ಮೂರು ವೋಲ್ಟ್ ಒಳಗಿದ್ದರೆ ಒಳ್ಳೆಯದು. ನ್ಯೂಟ್ರಲ್ಲನ್ನೇ ಅರ್ಥಿಗೆ ಜೋಡಿಸಿ ಚಾರ್ಜರಿಗೆ ಸಮಾಧಾನ ಮಾಡುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಹೊರಗೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಗಾಡಿಯ ಹೊರಮೈಗೇ ಕರೆಂಟ್ ಬರುತ್ತದೆ. ಮನೆಯಲ್ಲಿ ಮಕ್ಕಳಿರುತ್ತಾರೆ.

7.2 ಕಿಲೋವಾಟಿನ ಗೋಡೆ ಚಾರ್ಜರ್ ಬೇಕೇ ಬೇಕಾ?

ದಿನಕ್ಕೆ ನೂರೈವತ್ತು ಕಿಲೋಮೀಟರ್ ಮೇಲೆ ಓಡುವವರಿಗೆ ಬೇಕು. ಬೀದರ್‌ನಿಂದ ಕಲಬುರಗಿಗೆ ಬಂದು ಹೋಗುವ ವ್ಯಾಪಾರಿ, ತಾಲ್ಲೂಕು ತಾಲ್ಲೂಕು ಸುತ್ತುವ ಕಾಂಟ್ರಾಕ್ಟರ್ ಅಂಥವರಿಗೆ. 45 ಯೂನಿಟ್ ಬ್ಯಾಟರಿ ಅದರಲ್ಲಿ ಆರೇಳು ತಾಸಿನಲ್ಲಿ ತುಂಬುತ್ತದೆ.

ಉಳಿದವರು ಯೋಚನೆ ಮಾಡಿ. ಹಳೇ ಮನೆಗಳಿಗೆ ಮಂಜೂರಾದ ಲೋಡ್ 2 ಅಥವಾ 3 ಕಿಲೋವಾಟ್ ಇರುತ್ತದೆ. ಈ ಚಾರ್ಜರ್ ಒಂದೇ ಅದರ ಎರಡು ಮೂರು ಪಟ್ಟು ಎಳೆಯುತ್ತದೆ. ಹಾಗಾಗಿ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಬೇಕು. ಹೆಚ್ಚಿಸಿದ ಪ್ರತಿ ಕಿಲೋವಾಟಿಗೆ ತಿಂಗಳಿಗೆ ನೂರು ರೂಪಾಯಿಗೂ ಜಾಸ್ತಿ ನಿಗದಿತ ಶುಲ್ಕ ಬರುತ್ತದೆ. ಗಾಡಿ ಓಡಿದರೂ ಬರುತ್ತದೆ, ನಿಂತರೂ ಬರುತ್ತದೆ. ಕಂಪನಿ ಗೋಡೆ ಚಾರ್ಜರ್ ಪುಕ್ಕಟೆ ಕೊಟ್ಟಿದೆ ಅನ್ನುವ ಒಂದೇ ಕಾರಣಕ್ಕೆ ಹಾಕಿಸಬೇಡಿ. ಹಾಕಿಸುವುದೇ ಆದರೆ ವೈರ್ 6 ಚದರ ಮಿಲಿಮೀಟರ್ ತಾಮ್ರದ್ದು ಇರಬೇಕು. ಎಂಸಿಬಿ 40 ಆಂಪಿನದು.

ಗೃಹಜ್ಯೋತಿ ಹೋಗಿಬಿಡುತ್ತಾ?

ಇದನ್ನು ಷೋರೂಮಿನಲ್ಲಿ ಯಾರೂ ತಾವಾಗಿ ಹೇಳಲ್ಲ. ಆದರೆ ನಮ್ಮ ರಾಜ್ಯದಲ್ಲಿ ಇದು ದೊಡ್ಡ ಪ್ರಶ್ನೆ.

2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವ ಎಸ್‌ಯುವಿ, ಚಾರ್ಜಿಂಗಿನಲ್ಲಿ ಆಗುವ ನಷ್ಟವೂ ಸೇರಿ, 170 ಯೂನಿಟ್ ಆಸುಪಾಸು ತಿನ್ನುತ್ತದೆ. ಮನೆಗೆ 110 ಯೂನಿಟ್ ಬಳಸುತ್ತಿದ್ದವರು 280ಕ್ಕೆ ಹೋಗುತ್ತಾರೆ. ಆಗ ಗಾಡಿಯ 170ಕ್ಕೆ ಮಾತ್ರ ದುಡ್ಡು ಕೊಟ್ಟರೆ ಮುಗಿಯಲ್ಲ, ಇಷ್ಟು ದಿನ ಪುಕ್ಕಟೆ ಇದ್ದ 110ಕ್ಕೂ ಕೊಡಬೇಕು. ಗಾಡಿಯ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ಇದಕ್ಕೆ ದಾರಿ ಇದೆ. ಇವಿ ಚಾರ್ಜಿಂಗಿಗೆ ಬೇರೆಯದೇ ದರದ ವರ್ಗ ಇದೆ. ಜೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ, ಇವಿಗೆ ಪ್ರತ್ಯೇಕ ಮೀಟರ್ ಬೇಕು ಅಂತ ಅರ್ಜಿ ಕೊಡಿ. ಮನೆಯ ಮೀಟರ್ ತನ್ನ ಪಾಡಿಗೆ ತಾನಿರುತ್ತದೆ, ಗಾಡಿಯ ಲೆಕ್ಕ ಬೇರೆ ಆಗುತ್ತದೆ. ಹೊಸ ಮೀಟರಿನ ಠೇವಣಿ, ನಿಗದಿತ ಶುಲ್ಕ ಎಷ್ಟು ಅಂತ ಕೇಳಿ, ಎರಡೂ ಕಡೆ ತೂಗಿ ನೋಡಿ ತೀರ್ಮಾನ ಮಾಡಿ.

ಹಳ್ಳಿಯಲ್ಲಿ ಕರೆಂಟ್ ಪದೇ ಪದೇ ಹೋಗುತ್ತೆ. ಗಾಡಿಗೆ ಏನಾದ್ರೂ ಆಗುತ್ತಾ?

ಕರೆಂಟ್ ಹೋದರೆ ಚಾರ್ಜಿಂಗ್ ನಿಲ್ಲುತ್ತದೆ, ಬಂದರೆ ಮತ್ತೆ ಶುರುವಾಗುತ್ತದೆ. ಬ್ಯಾಟರಿಗೆ ಏನೂ ಆಗಲ್ಲ. ವೋಲ್ಟೇಜ್ ತೀರಾ ಕಡಿಮೆ ಆದರೆ ಚಾರ್ಜರ್ ತಾನೇ ನಿಂತುಬಿಡುತ್ತದೆ. ಮನೆಯ ಇನ್ವರ್ಟರಿನಿಂದ ಚಾರ್ಜ್ ಮಾಡಲು ಆಗಲ್ಲ, ಚಾರ್ಜಿಂಗ್ ಲೈನನ್ನು ಇನ್ವರ್ಟರಿಗೆ ಸೇರಿಸಲೂ ಬೇಡಿ. ಗುಡುಗು ಸಿಡಿಲು ಶುರುವಾದರೆ ಗನ್ (ಗಾಡಿಗೆ ಸಿಕ್ಕಿಸುವ ಚಾರ್ಜರಿನ ತುದಿ) ತೆಗೆದುಬಿಡಿ. ಮುಂಗಾರು ಹತ್ತಿರ ಬಂದಾಗ ನಮ್ಮ ಕಡೆ ಸಿಡಿಲು ಜೋರು.

ಹೊಲದಲ್ಲಿ ಮನೆ ಇರುವವರು ಒಂದು ಮಾತು ನೆನಪಿಡಬೇಕು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಪುಕ್ಕಟೆ ಕರೆಂಟ್ ಕೊಡುತ್ತದೆ, ಅದು ಬೆಳೆಗೆ. ಆ ಲೈನಿನಿಂದ ಗಾಡಿ ಚಾರ್ಜ್ ಮಾಡಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಕೆಳಗೆ ದಂಡ ಬೀಳುತ್ತದೆ. ಅದೂ ಅಲ್ಲದೆ ಪಕ್ಕದ ರೈತನ ತೊಗರಿಗೆ ಹೋಗಬೇಕಾದ ಕರೆಂಟ್ ಅದು.

ಸೋಲಾರ್ ಹಾಕಿಸಿದರೆ?

ಹಾಕಿಸಿ. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. 3 ಕಿಲೋವಾಟಿನ ಪ್ಯಾನೆಲ್ ದಿನಕ್ಕೆ ಸರಾಸರಿ 12 ಯೂನಿಟ್ ಕೊಡುತ್ತದೆ. ಅದು 70 ಕಿಲೋಮೀಟರಿಗೂ ಜಾಸ್ತಿ ಓಡಾಟ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ನಿಗದಿಯಾಗಿದೆ. ಹಗಲು ಗಾಡಿ ಮನೆಯಲ್ಲಿರಲ್ಲ ಅಂತ ಚಿಂತೆ ಬೇಡ. ನೆಟ್ ಮೀಟರ್ ಇದ್ದರೆ ಹಗಲು ಕೊಟ್ಟ ಯೂನಿಟ್ ರಾತ್ರಿ ತೆಗೆದುಕೊಂಡದ್ದಕ್ಕೆ ವಜಾ ಆಗುತ್ತದೆ. ಪ್ಯಾನೆಲ್ ಮೇಲೆ ಧೂಳು ಕೂರುತ್ತದೆ, ಹದಿನೈದು ದಿನಕ್ಕೊಮ್ಮೆ ಒರೆಸಬೇಕು.

ಜಾಹೀರಾತಿನಲ್ಲಿ 489 ಕಿಲೋಮೀಟರ್ ಅಂತಾರೆ. ನಿಜಕ್ಕೂ ಎಷ್ಟು ಬರುತ್ತೆ?

489 ಅನ್ನುವುದು 45 ಯೂನಿಟ್ ಬ್ಯಾಟರಿಯ ಟಾಟಾ ನೆಕ್ಸಾನ್ ಇವಿಗೆ ಪ್ರಯೋಗಶಾಲೆಯ ಪರೀಕ್ಷೆಯಲ್ಲಿ ಬಂದ ಅಂಕಿ. ಅಲ್ಲಿ ನಮ್ಮ ಬಿಸಿಲಿಲ್ಲ, ಎದುರುಗಾಳಿ ಇಲ್ಲ, ಹಿಂದಿನ ಸೀಟಿನಲ್ಲಿ ಮೂರು ಜನ ಇಲ್ಲ. ಯಾವುದೇ ಕಂಪನಿ ಇರಲಿ, ಈ ಅಂಕಿಯ ಮೂರನೇ ಎರಡು ಭಾಗ ಸಿಕ್ಕರೆ ಸರಿಯಾಗಿ ಸಿಕ್ಕಿತು ಅಂದುಕೊಳ್ಳಿ.

ಇನ್ನೂ ನಂಬುವ ಲೆಕ್ಕ ಬೇಕಾದರೆ ಬ್ಯಾಟರಿಯ ಯೂನಿಟ್ ಹಿಡಿದು ಹೋಗಿ. ಮಧ್ಯಮ ಗಾತ್ರದ ಎಸ್‌ಯುವಿ ಊರೊಳಗೆ ಯೂನಿಟಿಗೆ 7 ಕಿಲೋಮೀಟರ್ ಕೊಡುತ್ತದೆ. ಹೆದ್ದಾರಿಯಲ್ಲಿ 80–90ರ ವೇಗದಲ್ಲಿ 6. ನೂರು ದಾಟಿಸಿ ಓಡಿಸಿದರೆ 5ಕ್ಕೆ ಇಳಿಯುತ್ತದೆ. ಪೆಟ್ರೋಲ್ ಗಾಡಿ ಹೆದ್ದಾರಿಯಲ್ಲಿ ಜಾಸ್ತಿ ಮೈಲೇಜ್ ಕೊಡುತ್ತದೆ, ಇದು ಊರೊಳಗೆ ಜಾಸ್ತಿ ಕೊಡುತ್ತದೆ. ಇಷ್ಟು ಅರ್ಥವಾದರೆ ಅರ್ಧ ಗೊಂದಲ ಕಳೆಯುತ್ತದೆ. ನಿಮ್ಮ ಗಾಡಿಯ ಬ್ಯಾಟರಿಯನ್ನು ಇದಕ್ಕೆ ಗುಣಿಸಿ. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್ 42 ಮತ್ತು 51.4 ಯೂನಿಟಿನಲ್ಲಿ ಬಂತು, ಮಹೀಂದ್ರಾ ಬಿಇ 6 ಗಾಡಿ 59 ಮತ್ತು 79ರಲ್ಲಿ. ಗಾಡಿ ದೊಡ್ಡದಾದಂತೆ ಯೂನಿಟಿನ ಮೈಲೇಜ್ ಸ್ವಲ್ಪ ಕಡಿಮೆ ಆಗುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ನಮ್ಮ ಬಿಸಿಲಿಗೆ ಬ್ಯಾಟರಿ ತಡೆಯುತ್ತಾ?

ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಸಾಮಾನ್ಯ. ಹಾಗಾಗಿ ಎಲ್ಲರ ಹೆದರಿಕೆ ಇದೇ. ತಡೆಯುತ್ತದೆ. ಈಗಿನ ಎಲೆಕ್ಟ್ರಿಕ್ ಎಸ್‌ಯುವಿಗಳಲ್ಲಿ ಬ್ಯಾಟರಿ ಸುತ್ತ ಕೂಲಂಟ್ (ತಂಪು ಮಾಡುವ ದ್ರವ) ಹರಿಯುತ್ತದೆ. ಬ್ಯಾಟರಿ ಕಾಯ್ದರೆ ಗಾಡಿಯ ಎಸಿಯೇ ಆ ಕೂಲಂಟನ್ನೂ ತಂಪು ಮಾಡುತ್ತದೆ. ಚಾರ್ಜಿಗೆ ಹಾಕಿದಾಗ ಬಾನೆಟ್ ಒಳಗಿನಿಂದ ಫ್ಯಾನಿನ ಜೋರು ಸದ್ದು ಬಂದರೆ ಗಾಬರಿ ಬೇಡ, ಅದು ಈ ಕೆಲಸವೇ. ಆದರೆ ಬುಕ್ ಮಾಡುವ ಮೊದಲು ಬ್ಯಾಟರಿಗೆ ಲಿಕ್ವಿಡ್ ಕೂಲಿಂಗ್ ಇದೆಯಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಹಳೇ ಗಾಡಿ ಕೊಳ್ಳುವವರಂತೂ ಕೇಳಲೇಬೇಕು. ಬರೀ ಗಾಳಿಯಿಂದ ತಣಿಯುವ ಬ್ಯಾಟರಿ ನಮ್ಮ ಊರಿಗೆ ಬೇಡ.

ಬ್ಯಾಟರಿಯ ಆಯಸ್ಸು ತಿನ್ನುವುದು ಎರಡು ಸೇರಿದಾಗ: ಜಾಸ್ತಿ ಶಾಖ ಮತ್ತು ತುಂಬಿದ ಚಾರ್ಜ್. ಶೇ 100 ತುಂಬಿಸಿ ಮೂರು ದಿನ ಬಿಸಿಲಲ್ಲಿ ನಿಲ್ಲಿಸಿ ಊರಿಗೆ ಹೋಗಬೇಡಿ. ಹಾಗೆ ಹೋಗುವುದಿದ್ದರೆ ಅರ್ಧ ಚಾರ್ಜಿನಲ್ಲಿ ನೆರಳಿಗೆ ಬಿಡಿ. ಬೇವಿನ ಮರದ ನೆರಳಿದ್ದರೂ ಆದೀತು, ತಗಡಿನ ಶೆಡ್ಡಿಗಿಂತ ಅದೇ ತಂಪು. ಮಧ್ಯಾಹ್ನ ಹೆದ್ದಾರಿಯಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕುವ ಬದಲು ಒಂದೆರಡು ತಾಸು ಬಿಟ್ಟು ಹಾಕಿ. ಮನೆಯಲ್ಲಂತೂ ರಾತ್ರಿ ಹತ್ತರ ಮೇಲೆ ಚಾರ್ಜ್ ಶುರುವಾಗುವಂತೆ ಟೈಮರ್ ಇಡಿ. ಬೇಸಿಗೆ ಮಧ್ಯಾಹ್ನ ಫಾಸ್ಟ್ ಚಾರ್ಜರುಗಳೂ ಕಾಯ್ದು ತಮ್ಮ ವೇಗ ಇಳಿಸುತ್ತವೆ. 50 ನಿಮಿಷದ ಕೆಲಸ ಒಂದು ತಾಸು ದಾಟಬಹುದು.

ಎಸಿ ಹಾಕಿದರೆ ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಅರ್ಧ ಆಗುತ್ತೆ ಅನ್ನುವುದು ಸುಳ್ಳು. ಮೊದಲ ಹತ್ತು ನಿಮಿಷ ಜಾಸ್ತಿ ಎಳೆಯುತ್ತದೆ, ಆಮೇಲೆ ತಾಸಿಗೆ ಒಂದು ಯೂನಿಟ್ ಆಸುಪಾಸು. ಒಟ್ಟು ಶೇ 10ರಷ್ಟು ರೇಂಜ್ ಕಡಿಮೆ ಅಂದುಕೊಳ್ಳಿ. ಗನ್ ಸಿಕ್ಕಿಸಿಕೊಂಡೇ ಮೊಬೈಲಿನಿಂದ ಎಸಿ ಹಾಕಿ, ತಣ್ಣಗಾದ ಮೇಲೆ ಗನ್ ತೆಗೆದು ಹೊರಟರೆ ಅದೂ ಉಳಿಯುತ್ತದೆ. ವಯಸ್ಸಾದವರು, ಎಳೇ ಮಕ್ಕಳು ಇರುವ ಮನೆಗೆ ಈ ಒಂದು ಸೌಲಭ್ಯವೇ ದೊಡ್ಡದು.

ಎಷ್ಟರವರೆಗೆ ಚಾರ್ಜ್ ಮಾಡಬೇಕು? 80ಕ್ಕಾ, 100ಕ್ಕಾ?

ಬ್ಯಾಟರಿ ಯಾವುದು ಅನ್ನುವುದರ ಮೇಲೆ. ಇವಿಗಳಲ್ಲಿ ಹೆಚ್ಚಾಗಿ ಬರುವುದು ಎಲ್‌ಎಫ್‌ಪಿ, ಎನ್‌ಎಂಸಿ ಅನ್ನುವ ಎರಡು ಬಗೆಯ ಲಿಥಿಯಂ ಬ್ಯಾಟರಿ. ನಿಮ್ಮದು ಯಾವುದು ಅಂತ ಷೋರೂಮಿನಲ್ಲಿ ಕೇಳಿ. ಎಲ್‌ಎಫ್‌ಪಿ ಬ್ಯಾಟರಿಯನ್ನು ವಾರಕ್ಕೊಮ್ಮೆಯಾದರೂ ಮನೆಯ ಚಾರ್ಜರಿನಲ್ಲಿ 100ರವರೆಗೆ ತುಂಬಿಸಿ. ಇಲ್ಲದಿದ್ದರೆ ಮೀಟರ್ ತೋರಿಸುವ ಶೇಕಡಾ ಲೆಕ್ಕ ನಿಧಾನವಾಗಿ ತಪ್ಪುತ್ತದೆ. ಎನ್‌ಎಂಸಿ ಆದರೆ ದಿನದ ಓಡಾಟಕ್ಕೆ 80ಕ್ಕೆ ನಿಲ್ಲಿಸಿ, ದೂರದ ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ 100 ಮಾಡಿ. ಶಾಖ ತಡೆಯುವುದರಲ್ಲಿ ಎಲ್‌ಎಫ್‌ಪಿ ಮೇಲು. ನಮ್ಮ ಜಿಲ್ಲೆಗಳಿಗೆ ನಾನು ಅದನ್ನೇ ಮೊದಲು ಹೇಳುತ್ತೇನೆ.

ಹೈದರಾಬಾದ್, ಸೊಲ್ಲಾಪುರ, ಬೆಂಗಳೂರಿಗೆ ಹೋಗಬಹುದಾ?

ಸೊಲ್ಲಾಪುರ ಸುಮಾರು 110 ಕಿಲೋಮೀಟರ್, ಬೀದರ್ ಕೂಡ ಅಷ್ಟೇ ದೂರ, ಯಾದಗಿರಿ 80ರ ಆಸುಪಾಸು. ತುಂಬಿದ ಗಾಡಿಯಲ್ಲಿ ಹೋಗಿ ಬರಬಹುದು. ಗಾಣಗಾಪುರ, ಬಸವಕಲ್ಯಾಣ, ಸನ್ನತಿ, ಚಿಂಚೋಳಿ ಕಾಡು, ಯಾವುದಕ್ಕೂ ಯೋಚನೆ ಬೇಡ.

ಹೈದರಾಬಾದ್ ಸುಮಾರು 220. ಆಸ್ಪತ್ರೆಗೆ, ಮದುವೆ ಬಟ್ಟೆಗೆ, ವಿಮಾನಕ್ಕೆ ಅಂತ ನಾವು ಹೆಚ್ಚು ಹೋಗುವ ಊರು ಅದು. 45 ಯೂನಿಟಿನ ಗಾಡಿ ಲೆಕ್ಕದಲ್ಲಿ ಒಂದೇ ಚಾರ್ಜಿಗೆ ಮುಟ್ಟುತ್ತದೆ. ಆದರೆ ಐದು ಜನ, ಎಸಿ, ನೂರರ ವೇಗ ಅಂದರೆ ಊರು ಸೇರುವಾಗ ಉಸಿರು ಬಿಗಿ ಹಿಡಿಯಬೇಕಾಗುತ್ತದೆ. ಅದರ ಬದಲು ಹುಮನಾಬಾದ್ ಮೇಲೆ ಹೋಗಿ, ಅಲ್ಲಿಂದ ಮುಂದೆ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಚಹಾ ಕುಡಿಯುವ ಹೊತ್ತಿಗೆ 20 ನಿಮಿಷ ಚಾರ್ಜ್ ಮಾಡಿಕೊಳ್ಳಿ. ಮನಸ್ಸು ಹಗುರ. ಆಸ್ಪತ್ರೆಗೆ ಹೋಗುವಾಗಲಂತೂ ರೇಂಜಿನ ಜೂಜು ಬೇಡವೇ ಬೇಡ.

ಬೆಂಗಳೂರು ಸುಮಾರು 600. ಜೇವರ್ಗಿ, ಶಹಾಪುರ, ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು ದಾರಿ. ಹಿರಿಯೂರಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಸೇರಿದ ಮೇಲೆ ಚಾರ್ಜರಿನ ಚಿಂತೆ ಕಡಿಮೆ. ಹಿರಿಯೂರಿನವರೆಗಿನ ದಾರಿಗೆ ಮಾತ್ರ ಸರಿಯಾಗಿ ಯೋಜನೆ ಹಾಕಬೇಕು. ಎರಡು ಅಥವಾ ಮೂರು ನಿಲುಗಡೆ, ಪೆಟ್ರೋಲ್ ಗಾಡಿಗಿಂತ ಎರಡು ತಾಸು ಜಾಸ್ತಿ ಇಟ್ಟುಕೊಳ್ಳಿ.

ಯೋಜನೆ ಹಾಕುವಾಗ ನಾನು ಪಾಲಿಸುವ ನಿಯಮ: ಶೇ 30 ಉಳಿದಿರುವಾಗಲೇ ಚಾರ್ಜರ್ ಮುಟ್ಟಬೇಕು. ಒಂದೇ ಗನ್ ಇರುವ ಜಾಗವನ್ನು ನಂಬಬಾರದು. ಅದು ಕೆಟ್ಟಿದ್ದರೆ ಮುಂದಿನದಕ್ಕೆ ಹೋಗಲು ಚಾರ್ಜ್ ಇರಬೇಕಲ್ಲ. ಚಾರ್ಜರ್ ಎಲ್ಲಿದೆ ಅಂತ ತೋರಿಸುವ ಪ್ಲಗ್‌ಶೇರ್‌ನಂಥ ಆಪ್‌ನಲ್ಲಿ ಹಿಂದಿನವರು ಯಾವಾಗ ಚಾರ್ಜ್ ಮಾಡಿದರು ಅಂತ ನೋಡಿ. ನಿನ್ನೆ ಮೊನ್ನೆ ಯಾರಾದರೂ ಮಾಡಿದ್ದರೆ ಧೈರ್ಯ. ಎರಡು ಮೂರು ಚಾರ್ಜಿಂಗ್ ಕಂಪನಿಗಳ ಆಪ್ ಮೊದಲೇ ಹಾಕಿಕೊಂಡು ಸ್ವಲ್ಪ ಹಣ ತುಂಬಿಸಿಡಿ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ನಿಂತು ಒಟಿಪಿಗೆ ಕಾಯುವುದು ತಪ್ಪುತ್ತದೆ. ಫಾಸ್ಟ್ ಚಾರ್ಜಿಂಗ್ 80ರವರೆಗೆ ಬೇಗ, ಆಮೇಲೆ ತೀರಾ ನಿಧಾನ. 80 ಆದ ಕೂಡಲೇ ಗನ್ ತೆಗೆದು ಹಿಂದಿನವರಿಗೆ ಜಾಗ ಬಿಡಿ.

ನಡುದಾರಿಯಲ್ಲಿ ಚಾರ್ಜ್ ಮುಗಿದೇ ಹೋದರೆ?

ಒಮ್ಮೆಲೇ ನಿಲ್ಲಲ್ಲ. ಎಚ್ಚರಿಕೆ ಕೊಡುತ್ತದೆ, ಆಮೇಲೆ ವೇಗ ಇಳಿಸುತ್ತದೆ. ಆಗ ಎಸಿ ಆರಿಸಿ 50ರ ವೇಗದಲ್ಲಿ ಹೋಗಿ. ಹತ್ತಿರದ ಢಾಬಾದಲ್ಲಿ 16 ಆಂಪ್ ಪ್ಲಗ್ ಸಿಕ್ಕರೆ ಒಂದೆರಡು ತಾಸಿನಲ್ಲಿ ಮುಂದಿನ ಚಾರ್ಜರಿಗೆ ಸಾಕಾಗುವಷ್ಟು ಸಿಗುತ್ತದೆ. ಪ್ಲಗ್ಗಿಗೆ ಹಾಕುವ ಚಾರ್ಜರ್ ಯಾವಾಗಲೂ ಡಿಕ್ಕಿಯಲ್ಲೇ ಇರಲಿ. ಪೂರ್ತಿ ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟಾರ್ ತಿರುಗಿ ಕರೆಂಟ್ ಹುಟ್ಟುತ್ತದೆ, ಒಳಗಿನ ಭಾಗಗಳು ಸುಡಬಹುದು. ನಾಲ್ಕೂ ಚಕ್ರ ಮೇಲೆತ್ತಿ ಲಾರಿಯ ಮೇಲೆ ಹಾಕಿಕೊಂಡೇ ಹೋಗಬೇಕು.

ಮಳೆ, ಹಳ್ಳದ ನೀರು?

ಮಳೆಯಲ್ಲಿ ಓಡಿಸಬಹುದು, ಚಾರ್ಜೂ ಮಾಡಬಹುದು. ಬ್ಯಾಟರಿಗೆ ಐಪಿ67 ರಕ್ಷಣೆ ಇರುತ್ತದೆ, ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇಟ್ಟರೂ ಒಳಗೆ ನೀರು ಹೋಗಬಾರದು. ಆದರೆ ಅದು ನಿಂತ ನೀರಿನ ಪರೀಕ್ಷೆ. ಭೀಮಾ ತುಂಬಿ ಸೇತುವೆ ಮೇಲೆ ಹರಿಯುವಾಗ ದಾಟಲು ಕೊಟ್ಟ ಪರವಾನಗಿ ಅಲ್ಲ. 2020ರ ಅಕ್ಟೋಬರ್‌ನಲ್ಲಿ ಆ ನದಿ ಏನು ಮಾಡಿತು ಅಂತ ಅಫಜಲಪುರ, ಜೇವರ್ಗಿ ಕಡೆಯವರಿಗೆ ಹೇಳಬೇಕಿಲ್ಲ. ಹರಿಯುವ ನೀರು ಯಾವ ಗಾಡಿಯನ್ನೂ ತಳ್ಳುತ್ತದೆ. ನಿಂತ ಗಾಡಿ ಪ್ರವಾಹದಲ್ಲಿ ಮುಳುಗಿದ್ದರೆ ಸ್ಟಾರ್ಟ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿ.

ಬೆಂಕಿ ಹತ್ತಿಕೊಳ್ಳುತ್ತೆ ಅಂತಾರಲ್ಲ?

2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಸುದ್ದಿಗಳಿಂದ ಈ ಹೆದರಿಕೆ ಬೆಳೆಯಿತು. ಆಮೇಲೆ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಸರ್ಕಾರ ಬಿಗಿ ಮಾಡಿತು. ಮನೆಯಲ್ಲಿ ನಿಜವಾದ ಅಪಾಯ ಇರುವುದು ಕೆಟ್ಟ ವೈರಿಂಗಿನಲ್ಲಿ. ದಾರಿಯಲ್ಲಿ ಕೆಳಗಿನಿಂದ ಬ್ಯಾಟರಿಗೆ ಜೋರು ಪೆಟ್ಟು ಬಿದ್ದಿದ್ದರೆ ಹೊರಗೆ ಏನೂ ಕಾಣದಿದ್ದರೂ ತೋರಿಸಿ. ಹೊಗೆ, ವಾಸನೆ, ಸಿಳ್ಳೆಯಂಥ ಸದ್ದು ಬಂದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ, 112ಕ್ಕೆ ಫೋನ್ ಮಾಡಿ, ಎಲೆಕ್ಟ್ರಿಕ್ ಗಾಡಿ ಅಂತ ಮೊದಲೇ ಹೇಳಿ.

ತಿಂಗಳಿಗೆ ಎಷ್ಟು ಉಳಿಯುತ್ತೆ?

ಸಾವಿರ ಕಿಲೋಮೀಟರಿನ ಲೆಕ್ಕ ನೋಡೋಣ. ಲೀಟರಿಗೆ 13 ಕೊಡುವ ಪೆಟ್ರೋಲ್ ಎಸ್‌ಯುವಿಗೆ ಸುಮಾರು 77 ಲೀಟರ್ ಬೇಕು. ಲೀಟರಿಗೆ 103 ರೂಪಾಯಿ ಹಿಡಿದರೆ ಎಂಟು ಸಾವಿರಕ್ಕೆ ಹತ್ತಿರ. ಇವಿಗೆ ಮನೆಯಲ್ಲಿ 170 ಯೂನಿಟ್, ಯೂನಿಟಿಗೆ ತೆರಿಗೆ ಸೇರಿ ಆರೂವರೆ ಹಿಡಿದರೆ ಸಾವಿರದ ನೂರು ರೂಪಾಯಿ. ಹೊರಗಿನ ಫಾಸ್ಟ್ ಚಾರ್ಜರಿನಲ್ಲೇ ಎಲ್ಲಾ ಮಾಡಿದರೆ, ಯೂನಿಟಿಗೆ 20ರ ಮೇಲೆ ಹೋಗುವುದರಿಂದ, ಮೂರೂವರೆ ಸಾವಿರ.

ಅಂದರೆ ಮನೆ ಚಾರ್ಜಿಂಗಿನಲ್ಲಿ ವರ್ಷಕ್ಕೆ 80,000 ಉಳಿಯುತ್ತದೆ. ಪೆಟ್ರೋಲ್ ಮಾಡೆಲ್ಲಿಗಿಂತ ಮೂರು ಲಕ್ಷ ಜಾಸ್ತಿ ಕೊಟ್ಟಿದ್ದರೆ ನಾಲ್ಕು ವರ್ಷದೊಳಗೆ ವಾಪಸ್. ತಿಂಗಳಿಗೆ ನಾನೂರೇ ಕಿಲೋಮೀಟರ್ ಓಡಿಸುವವರಿಗೆ ಅದೇ ಹಣ ವಾಪಸ್ ಬರಲು ಒಂಬತ್ತು ವರ್ಷ ಬೇಕು. ಅಂಥವರು ಹಣ ಉಳಿಸಲು ಅಂತ ಇವಿ ಕೊಳ್ಳಬೇಡಿ. ಓಡಿಸುವ ಸುಖಕ್ಕೆ, ಹೊಗೆ ಇಲ್ಲ ಅನ್ನುವ ಸಮಾಧಾನಕ್ಕೆ ಕೊಳ್ಳುವುದಾದರೆ ಬೇರೆ ಮಾತು. 2025ರ ಸೆಪ್ಟೆಂಬರ್‌ನಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಜಿಎಸ್‌ಟಿ ಇಳಿದು ಬೆಲೆಯ ಅಂತರ ಬದಲಾಯಿತು. ಹಳೇ ಲೆಕ್ಕಗಳನ್ನು ನಂಬದೆ ಇವತ್ತಿನ ಆನ್‌ರೋಡ್ ಬೆಲೆ ಎರಡನ್ನೂ ಕೈಯಲ್ಲಿ ಹಿಡಿದು ಕೂಡಿ ಕಳೆಯಿರಿ.

ತೆರಿಗೆ, ಸಬ್ಸಿಡಿ, ನಂಬರ್ ಪ್ಲೇಟ್?

ಇವಿಗೆ ಜಿಎಸ್‌ಟಿ ಶೇ 5. ರಾಜ್ಯದ ರಸ್ತೆ ತೆರಿಗೆ 2016ರಿಂದ ಪೂರ್ತಿ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಇವಿಗಳಿಗೆ ಶೇ 10 ಆಜೀವ ತೆರಿಗೆ ಬಂತು. ಈ ನಿಯಮ ಬದಲಾಗುತ್ತಲೇ ಇರುತ್ತದೆ, ಬುಕ್ ಮಾಡುವ ದಿನ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಸ್ವಂತ ಕಾರಿಗೆ ಕೇಂದ್ರದ ನೇರ ಸಬ್ಸಿಡಿ ಇಲ್ಲ. ಸಾಲದ ಬಡ್ಡಿಗೆ ಇದ್ದ ಆದಾಯ ತೆರಿಗೆ ರಿಯಾಯಿತಿ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಇನ್ನೂ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಂಬರ್ ಪ್ಲೇಟ್ ಹಸಿರು, ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದಾದರೆ ಹಳದಿ. ಕೆಎ-32, ಕೆಎ-33, ಕೆಎ-38 ಎಲ್ಲಕ್ಕೂ ಒಂದೇ ನಿಯಮ. ಥರ್ಡ್ ಪಾರ್ಟಿ ವಿಮೆಯಲ್ಲಿ 2022ರಿಂದ ಇವಿಗೆ ಶೇ 15 ರಿಯಾಯಿತಿ ಇದೆ. ಬ್ಯಾಟರಿ ಮತ್ತು ಚಾರ್ಜರ್ ರಕ್ಷಣೆಯ ಆಡ್-ಆನ್ ತೆಗೆದುಕೊಳ್ಳಿ, ಅಲ್ಲಿ ಕಂಜೂಸುತನ ಬೇಡ.

ಸರ್ವಿಸಿಗೆ ಹೈದರಾಬಾದಿಗೇ ಹೋಗಬೇಕಾ?

ಮಾಮೂಲಿ ಸರ್ವಿಸ್ ಚಿಕ್ಕದು. ಆಯಿಲ್ ಇಲ್ಲ, ಕ್ಲಚ್ ಇಲ್ಲ. ಕೂಲಂಟ್, ಬ್ರೇಕ್ ಆಯಿಲ್, ಎಸಿ ಫಿಲ್ಟರ್, ಟೈರ್ ನೋಡುತ್ತಾರೆ ಅಷ್ಟೇ. ನಮ್ಮ ಧೂಳಿಗೆ ಎಸಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ದೊಡ್ಡ ಬ್ಯಾಟರಿ ಅಥವಾ ಮೋಟಾರ್ ಬಿಚ್ಚುವ ಕೆಲಸ ನಮ್ಮ ಊರಲ್ಲೇ ಮಾಡುತ್ತೀರಾ, ಬೇರೆ ಊರಿಗೆ ಕಳಿಸುತ್ತೀರಾ, ಕಳಿಸಿದರೆ ಓಡಾಟಕ್ಕೆ ಬೇರೆ ಗಾಡಿ ಕೊಡುತ್ತೀರಾ ಅಂತ ಕೊಳ್ಳುವ ಮೊದಲು ಕೇಳಿ. ಉತ್ತರ ಬರಹದಲ್ಲಿ ತೆಗೆದುಕೊಳ್ಳಿ.

ಪಂಕ್ಚರ್, ಸಸ್ಪೆನ್ಷನ್ ಪರಿಚಯದ ಗ್ಯಾರೇಜಿನಲ್ಲಿ ಮಾಡಿಸಬಹುದು. ಕೇಸರಿ ಬಣ್ಣದ ವೈರ್ ಮಾತ್ರ ಯಾರೂ ಮುಟ್ಟಬಾರದು, ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ. ಇನ್ನೊಂದು ಎಚ್ಚರಿಕೆ: ಎಸಿ ಗ್ಯಾಸ್ ರಸ್ತೆ ಬದಿ ತುಂಬಿಸಬೇಡಿ. ಇವಿಯ ಕಂಪ್ರೆಸರ್ ಕರೆಂಟಿನಲ್ಲಿ ಓಡುವುದರಿಂದ ಅದರ ಆಯಿಲ್ ಬೇರೆ. ಪೆಟ್ರೋಲ್ ಗಾಡಿಯ ಆಯಿಲ್ ಹಾಕಿದರೆ ಇನ್ಸುಲೇಷನ್ ಹಾಳಾಗಿ ಗಾಡಿಯೇ ನಿಂತುಬಿಡುತ್ತದೆ. ಹಾಗೆಯೇ ಒಳಗೆ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಇರುತ್ತದೆ. ದೊಡ್ಡದು ತುಂಬಿದ್ದರೂ ಚಿಕ್ಕದು ಕೆಟ್ಟರೆ ಗಾಡಿ ಏಳಲ್ಲ.

ಸ್ಟೆಪ್ನಿ ಇರುತ್ತಾ?

ಎಷ್ಟೋ ಮಾಡೆಲ್ಲುಗಳಲ್ಲಿ ಇರಲ್ಲ, ಪಂಕ್ಚರ್ ಕಿಟ್ ಅಷ್ಟೇ. ಜಾಲಿ ಮುಳ್ಳಿಗೆ ಕಿಟ್ ಸಾಕು. ಹೊಸ ರಸ್ತೆಗೆ ಹಾಕಿದ ಚೂಪು ಜಲ್ಲಿಗೆ ಟೈರಿನ ಪಕ್ಕ ಸೀಳಿದರೆ ಅದು ಉಪಯೋಗಕ್ಕೆ ಬರಲ್ಲ. ಹಳ್ಳಿ ಓಡಾಟ ಜಾಸ್ತಿ ಇದ್ದವರು ಒಂದು ಟೈರ್ ಬೇರೆ ಕೊಂಡಿಡಿ. ಇವಿ ಭಾರ ಜಾಸ್ತಿ, ಎಳೆತವೂ ಜಾಸ್ತಿ, ಹಾಗಾಗಿ ಟೈರ್ ಬೇಗ ಸವೆಯುತ್ತದೆ.

ಓಡಿಸುವುದು ಕಷ್ಟಾನಾ?

ಗೇರ್ ಇಲ್ಲ, ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವಿಲ್ಲ. ಮಂಡಿ ನೋವಿರುವ ಹಿರಿಯರಿಗೆ ವರದಾನ. ಮೊದಲ ವಾರ ಮಾತ್ರ ಇಕೋ ಮೋಡಿನಲ್ಲಿ ಓಡಿಸಿ, ಪೆಡಲ್ ಒತ್ತಿದ ಕೂಡಲೇ ಗಾಡಿ ಜಿಗಿಯುತ್ತದೆ. ಕಾಲು ತೆಗೆದರೆ ತಾನೇ ನಿಧಾನವಾಗಿ, ಆ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ಊರೊಳಗಿನ ಹಂಪು, ಸಿಗ್ನಲ್, ಆಟೋಗಳ ನಡುವೆ ಇದರ ಲಾಭ ಚೆನ್ನಾಗಿ ಕಾಣುತ್ತದೆ. ಶಬ್ದ ಇರಲ್ಲ ಅನ್ನುವುದು ನೆನಪಿರಲಿ. ದರ್ಗಾ ಉರುಸು, ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಜನರಿಗೆ ಗಾಡಿ ಹಿಂದೆ ಬಂದದ್ದೇ ಗೊತ್ತಾಗಲ್ಲ. ದನಗಳಿಗೂ ಅಷ್ಟೇ. ನಡಿಗೆಯ ವೇಗದಲ್ಲೇ ಹೋಗಿ.

ಎಂಟು ವರ್ಷ ಆದ ಮೇಲೆ ಬ್ಯಾಟರಿ ಬಿಸಾಡಬೇಕಾ? ಮಾರಲು ಹೋದರೆ ಯಾರು ಕೊಳ್ತಾರೆ?

ಸಾಮಾನ್ಯ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್. ಕೆಲವು ಕಂಪನಿಗಳು ಮೊದಲ ಮಾಲೀಕರಿಗೆ ಅದಕ್ಕೂ ಜಾಸ್ತಿ ಕೊಡುತ್ತಿವೆ. ವಾರಂಟಿ ಮುಗಿದ ದಿನ ಬ್ಯಾಟರಿ ಸಾಯಲ್ಲ. ನಿಧಾನವಾಗಿ ಅದರ ಹಿಡಿತ ಕಡಿಮೆಯಾಗುತ್ತದೆ. 300 ಓಡುತ್ತಿದ್ದದ್ದು 240 ಓಡುತ್ತದೆ, ಊರೊಳಗೆ ಅದೂ ಧಾರಾಳ. ಬ್ಯಾಟರಿ ಒಳಗೆ ಹಲವು ಮಾಡ್ಯೂಲ್ ಇರುತ್ತವೆ. ವಿನ್ಯಾಸ ಹಾಗಿದ್ದರೆ ಕೆಟ್ಟದ್ದನ್ನು ಮಾತ್ರ ಬದಲಿಸಬಹುದು.

ಮರುಮಾರಾಟದಲ್ಲಿ ಮಾತ್ರ ಪೆಟ್ರೋಲ್ ಗಾಡಿಯಷ್ಟು ಬೆಲೆ ಇಲ್ಲ. ಮೂರು ವರ್ಷಕ್ಕೊಮ್ಮೆ ಗಾಡಿ ಬದಲಿಸುವವರಿಗೆ ಇದು ಹೊಂದಲ್ಲ. ಏಳೆಂಟು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದವರಿಗೆ ಹೊಂದುತ್ತದೆ. ಇದೇ ಕಾರಣಕ್ಕೆ ಹಳೇ ಇವಿ ಕೊಳ್ಳುವವರಿಗೆ ಒಳ್ಳೆ ಬೆಲೆಗೆ ಸಿಗುತ್ತದೆ. ಆದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ವರದಿ ತೆಗೆಸದೆ ಮುಂಗಡ ಕೊಡಬೇಡಿ, ವಾರಂಟಿ ನಿಮ್ಮ ಹೆಸರಿಗೆ ಬರುತ್ತದೆಯಾ ಕೇಳಿ, ಗಾಡಿಯನ್ನು ಮೇಲೆತ್ತಿಸಿ ಬ್ಯಾಟರಿಯ ಕೆಳತಟ್ಟೆಯಲ್ಲಿ ತಗ್ಗು ಬಿದ್ದಿದೆಯಾ ನೋಡಿ.

ಟೆಸ್ಟ್ ಡ್ರೈವ್ ಹೇಗೆ ಮಾಡಬೇಕು?

ಮಧ್ಯಾಹ್ನ ಎರಡಕ್ಕೆ ಹೋಗಿ. ಮನೆಯವರನ್ನೂ ಕರೆದುಕೊಂಡು ಹೋಗಿ. ಎಸಿ ಹಾಕಿ, ರಿಂಗ್ ರೋಡ್ ಒಂದು ಸುತ್ತು, ಆಮೇಲೆ ಹುಮನಾಬಾದ್ ರಸ್ತೆಯಲ್ಲಿ ಸ್ವಲ್ಪ ದೂರ. ಹೊರಡುವಾಗ ಟ್ರಿಪ್ ಮೀಟರ್ ಸೊನ್ನೆ ಮಾಡಿ, ವಾಪಸ್ ಬಂದ ಮೇಲೆ ಯೂನಿಟಿಗೆ ಎಷ್ಟು ಕಿಲೋಮೀಟರ್ ಬಂತು ಅಂತ ಬರೆದುಕೊಳ್ಳಿ. ಕೆಲವು ಗಾಡಿಗಳು ಅದನ್ನು ಕಿಲೋಮೀಟರಿಗೆ ಎಷ್ಟು ವಾಟ್ ಅವರ್ ಅಂತ ತೋರಿಸುತ್ತವೆ. ಹಾಗಿದ್ದರೆ ಸಾವಿರವನ್ನು ಆ ಅಂಕಿಯಿಂದ ಭಾಗಿಸಿ. ಹಿಂದಿನ ಸೀಟಿನಲ್ಲಿ ಕೂತವರಿಗೆ ಮೊಣಕಾಲು ಎತ್ತರಕ್ಕೆ ಬಂತಾ ಕೇಳಿ. ಬ್ಯಾಟರಿ ಕೆಳಗಿರುವುದರಿಂದ ಕೆಲವು ಗಾಡಿಗಳಲ್ಲಿ ನೆಲ ಮೇಲೇರಿ ಬಿಟ್ಟಿರುತ್ತದೆ, ದೂರದ ಪ್ರಯಾಣದಲ್ಲಿ ತೊಡೆ ನೋಯುತ್ತದೆ. ವಾಪಸ್ ಬಂದ ಮೇಲೆ ಷೋರೂಮಿನ ಚಾರ್ಜರಿನಲ್ಲಿ ಗನ್ ನೀವೇ ಸಿಕ್ಕಿಸಿ, ನೀವೇ ತೆಗೆದು ನೋಡಿ.